ಅತ್ತೆಯ ಸಂಘದ ಲೆಕ್ಕ, ನನ್ನ ಸ್ಪ್ರಿಂಗ್ ಬೂಟ್

“ಏಳು ವರ್ಷ ಗ್ಯಾಪ್ ಇದೆಯಲ್ಲಾ ಮೇಡಂ, ಈಗಿನ ಟೆಕ್ನಾಲಜಿ ನಿಮಗೆ ಕಷ್ಟ ಆಗಲ್ವಾ?” ಅಂತ ಫೋನಿನಲ್ಲಿ ಕೇಳಿದ ಎಚ್‌ಆರ್ ಹುಡುಗಿಯ ದನಿಯಲ್ಲಿ ಕುಹಕ ಏನೂ ಇರಲಿಲ್ಲ. ಫಾರಂ ತುಂಬಿಸೋ ಧಾಟಿಯಲ್ಲೇ ಕೇಳಿದಳು. “ಕೆಲಸ ಕೊಟ್ಟು ನೋಡಿ” ಅಂದೆ. ಶುಕ್ರವಾರ ಸಂಜೆ ಐದಕ್ಕೆ ಮೇಲ್ ಬಂತು. ಸ್ಪ್ರಿಂಗ್ ಬೂಟ್ ಬಳಸಿ ಒಂದು ಪುಟ್ಟ ವೆಬ್ ಅಪ್ಲಿಕೇಶನ್ ಮಾಡಬೇಕು, ವಿಷಯ ನಮ್ಮಿಷ್ಟ, ಫಾರಂ ಇರಬೇಕು, ಪಟ್ಟಿ ಇರಬೇಕು, ಡೇಟಾಬೇಸ್ ಇರಬೇಕು. ಸೋಮವಾರ ಬೆಳಗ್ಗೆ ಹತ್ತರೊಳಗೆ ಕಳಿಸಬೇಕು.

ಆಗ ನಾನಿದ್ದದ್ದು ತಿಪಟೂರು ಹತ್ತಿರದ ಅತ್ತೆ ಮನೆಯಲ್ಲಿ. 2016ರಲ್ಲಿ ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳು ಮತ್ತೆ ಸೇರಬೇಕು ಅನ್ನುವಷ್ಟರಲ್ಲಿ ಮಾವನಿಗೆ ಸ್ಟ್ರೋಕ್ ಆಯ್ತು. ಯಜಮಾನರು ಬೆಂಗಳೂರಿನಲ್ಲಿ, ನಾವು ಊರಲ್ಲಿ. ಹಾಗೇ 2023 ಬಂತು. ಮಾವ ಕೋಲು ಹಿಡಿದು ಓಡಾಡೋ ಹಾಗಾಗಿದ್ದರು, ಮಗಳು ಎರಡನೇ ಕ್ಲಾಸು, ಮನೆ ಸಾಲದ ಕಂತು ಒಬ್ಬರ ಸಂಬಳದಲ್ಲಿ ತಿಂಗಳ ಕೊನೆಗೆ ಉಸಿರು ಹಿಡಿಯುತ್ತಿತ್ತು. ಕೆಲಸ ಬೇಕಿತ್ತು. ಆಸೆಗಲ್ಲ, ಅಗತ್ಯಕ್ಕೆ.

ನಾನು ಕೆಲಸ ಮಾಡುತ್ತಿದ್ದ ಕಾಲದ ಜಾವಾ ಬೇರೆ. ನಮ್ಮ ಪ್ರಾಜೆಕ್ಟ್ ಸ್ಟ್ರಟ್ಸ್ ಒಂದರಲ್ಲಿತ್ತು. ಆ ಸ್ಟ್ರಟ್ಸ್ ಒಂದಕ್ಕೆ 2013ರಲ್ಲೇ ಅಪಾಚೆಯವರು ವಿದಾಯ ಹೇಳಿದ್ದರೂ ಕಂಪನಿಗಳು ಬಿಟ್ಟಿರಲಿಲ್ಲ. ಎಕ್ಸ್‌ಎಂಎಲ್ ಫೈಲುಗಳನ್ನು ಮೊಳಗಟ್ಟಲೆ ಬರೆಯೋದು, ‘ವಾರ್’ ಫೈಲ್ ಕಟ್ಟೋದು, ಅದನ್ನು ಟಾಮ್‌ಕ್ಯಾಟ್ ಸರ್ವರ್‌ನ ಫೋಲ್ಡರಿಗೆ ಹಾಕಿ ರೀಸ್ಟಾರ್ಟ್ ಮಾಡಿ ಟೀ ಕುಡಿಯೋಕೆ ಹೋಗೋದು. ಇದೇ ಭಾರಕ್ಕೆ ಬೇಸತ್ತು ರಾಡ್ ಜಾನ್ಸನ್ ಅನ್ನುವವರು 2002ರಲ್ಲಿ ಒಂದು ದಪ್ಪ ಪುಸ್ತಕ ಬರೆದರು. ಆ ಪುಸ್ತಕದ ಜೊತೆ ಬಂದ ಕೋಡೇ ಬೆಳೆದು ಸ್ಪ್ರಿಂಗ್ ಆಯ್ತು. ಹಳೆಯ ಜೆ2ಇಇ ಅನ್ನೋ ಚಳಿಗಾಲದ ನಂತರ ಬಂದ ವಸಂತ ಅನ್ನೋ ಅರ್ಥದಲ್ಲಿ ಇಟ್ಟ ಹೆಸರು. 2004ರ ಮಾರ್ಚ್‌ನಲ್ಲಿ ಮೊದಲ ಆವೃತ್ತಿ ಬಂತು. ಆಮೇಲೆ ವಸಂತದಲ್ಲೂ ಎಕ್ಸ್‌ಎಂಎಲ್ ಕಸ ಬೆಳೀತು ಅನ್ನೋದು ಬೇರೆ ಮಾತು. ಅದನ್ನು ಗುಡಿಸೋಕೆ ಅಂತ 2014ರಲ್ಲಿ ಸ್ಪ್ರಿಂಗ್ ಬೂಟ್ ಬಂತು. ನಾನು ಕೆಲಸ ಬಿಡುವಾಗ ಪಕ್ಕದ ಟೀಮಿನವರು ಅದನ್ನು ಶುರು ಮಾಡಿದ್ದರು. ಅವರ ಸ್ಕ್ರೀನ್ ನೋಡಿದ್ದೆ, ಕೈ ಹಾಕಿರಲಿಲ್ಲ.

ವಿಷಯ ಏನು ಆರಿಸೋದು? ಯೂಟ್ಯೂಬ್‌ನಲ್ಲಿ ಎಲ್ಲರೂ ಎಂಪ್ಲಾಯಿ ಲಿಸ್ಟ್, ಟು-ಡೂ ಲಿಸ್ಟ್ ಮಾಡುತ್ತಾರೆ. ಅತ್ತೆ ಆವತ್ತು ಸಂಜೆ ಜಗಲಿಯಲ್ಲಿ ಕೂತು, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು, ಸ್ತ್ರೀಶಕ್ತಿ ಸಂಘದ ಉದ್ದನೆ ಪುಸ್ತಕದಲ್ಲಿ ಏನನ್ನೋ ಮೂರನೇ ಸಲ ಕೂಡುತ್ತಿದ್ದರು. ಅವರು ಸಂಘದ ಪ್ರತಿನಿಧಿ. ಹದಿನಾರು ಜನ ಹೆಂಗಸರು, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಆ ದುಡ್ಡಿನಲ್ಲೇ ಒಳಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಕಂತು ತಪ್ಪಿದರೆ ಐದು ರೂಪಾಯಿ ದಂಡ. ಹಿಂದಿನ ವಾರದ ಲೆಕ್ಕದಲ್ಲಿ 120 ರೂಪಾಯಿ ಕೂಡಿ ಬಂದಿರಲಿಲ್ಲ. 120 ರೂಪಾಯಿ ಅಂದರೆ ದೊಡ್ಡ ಮೊತ್ತ ಅಲ್ಲ. ಆದರೆ “ಪ್ರತಿನಿಧಿ ಕೈಯಲ್ಲಿ ಹೋಯ್ತು” ಅನ್ನೋ ಮಾತು ಬಂದರೆ ಹನ್ನೆರಡು ವರ್ಷದ ಸಂಘ ಒಡೆಯೋಕೆ ಅಷ್ಟು ಸಾಕು. ಅತ್ತೆ ತಮ್ಮ ಕೈಯಿಂದ ಹಾಕಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವರ ಹಟ.

“ಅತ್ತೆ, ಈ ಪುಸ್ತಕ ನಂಗೆ ಎರಡು ದಿನ ಕೊಡ್ತೀರಾ?”

“ಯಾಕಮ್ಮಾ?”

“ಇಂಟರ್‌ವ್ಯೂಗೆ.”

ಅವರಿಗೆ ಏನು ಅರ್ಥ ಆಯ್ತೋ, “ಎಣ್ಣೆ ಕೈಯಲ್ಲಿ ಮುಟ್ಬೇಡ” ಅಂದು ಕೊಟ್ಟರು.

ಲ್ಯಾಪ್‌ಟಾಪ್ ನನ್ನ ಹಳೇದೇ, ನಾಲ್ಕು ಜಿಬಿ ರ್‍ಯಾಮ್. ಮೊದಲು ಕಮಾಂಡ್ ಪ್ರಾಂಪ್ಟ್ ತೆಗೆದು ಜಾವಾ ವರ್ಷನ್ ಕೇಳಿದೆ. 1.8 ಅಂತು, ಅಂದರೆ ಜಾವಾ ಎಂಟು. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ ಮೂರಕ್ಕೆ ಕನಿಷ್ಠ ಜಾವಾ 17 ಬೇಕೇ ಬೇಕು. ನೀವೂ ಹಳೇ ಮಷಿನ್‌ನಲ್ಲಿ ಶುರು ಮಾಡುವವರಾದರೆ ಬೇರೆ ಏನನ್ನೂ ಮುಟ್ಟುವ ಮೊದಲು ಇದೊಂದನ್ನು ನೋಡಿಕೊಳ್ಳಿ. ಅರ್ಧಕ್ಕರ್ಧ ಜನ ಮೊದಲ ದಿನವೇ ಕೈಚೆಲ್ಲೋದು ಇಲ್ಲೇ ಅಂತ ನನ್ನ ಅನುಮಾನ. ಎರರ್‌ನಲ್ಲಿ 61, 52 ಅಂತ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ. 61 ಅಂದರೆ ಜಾವಾ 17, 52 ಅಂದರೆ ಜಾವಾ ಎಂಟು. ಸಂಖ್ಯೆಯಲ್ಲಿ 44 ಕಳೆದರೆ ಜಾವಾ ವರ್ಷನ್ ಸಿಗುತ್ತೆ, ಅಷ್ಟೇ.

ಟೆಮುರಿನ್ ಅನ್ನೋ ಹೆಸರಲ್ಲಿ ಎಕ್ಲಿಪ್ಸ್ ಅಡಾಪ್ಟಿಯಂನವರು ಕೊಡೋ ಜೆಡಿಕೆ ಉಚಿತ. ನೂರು ಎಂಬಿಗೂ ಮೇಲಿನ ಫೈಲು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಮಹಡಿ ಮೇಲಿನ ನೀರಿನ ಟ್ಯಾಂಕ್ ಪಕ್ಕ ಮಾತ್ರ. ಆಷಾಢದ ಗಾಳಿ ಬೇರೆ. ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಂಕ್ ಮೇಲಿಟ್ಟು, ಅದು ಹಾರಿ ಹೋಗದಿರಲಿ ಅಂತ ಪಕ್ಕದಲ್ಲಿ ಒಂದು ತೆಂಗಿನಕಾಯಿ ಒತ್ತಿಟ್ಟು, ಮಗಳನ್ನು ಕಾವಲಿಗೆ ಕೂರಿಸಿದೆ. ಕಾಯಿಗೇನೂ ಬರ ಇಲ್ಲ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟಿದ್ದೇ ಇದೆ.

ಇನ್‌ಸ್ಟಾಲ್ ಮಾಡಿ ಮತ್ತೆ ವರ್ಷನ್ ಕೇಳಿದರೆ ಅದೇ 1.8! ಇದು ವಿಂಡೋಸ್‌ನಲ್ಲಿ ಆಗಾಗ ಆಗೋದೇ. ಹಳೇ ಇನ್‌ಸ್ಟಾಲರ್ ತನ್ನ ದಾರಿಯನ್ನು ‘ಪಾತ್’ ಪಟ್ಟಿಯ ತಲೆಯಲ್ಲೇ ಬರೆದುಕೊಂಡಿರುತ್ತೆ. ಹೊಸಬರು ಕ್ಯೂನಲ್ಲಿ ಹಿಂದೆ. ‘ವೇರ್ ಜಾವಾ’ ಅಂತ ಕೇಳಿದರೆ ಎಲ್ಲೆಲ್ಲಿ ಜಾವಾ ಕೂತಿದೆ ಅಂತ ಸಾಲಾಗಿ ಹೇಳುತ್ತೆ. ಹೊಸದನ್ನು ಮೇಲಕ್ಕೆ ತಂದು, ‘ಜಾವಾ ಹೋಮ್’ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೂ ಅದರದ್ದೇ ವಿಳಾಸ ಕೊಟ್ಟು, ಕಪ್ಪು ಕಿಟಕಿ ಮುಚ್ಚಿ ತೆರೆದೆ. 17 ಅಂತು.

ಮುಂದಿನದು ನಿಜಕ್ಕೂ ಸುಲಭ. ಸ್ಪ್ರಿಂಗ್ ಇನಿಶಿಯಲೈಜರ್ ಅಂತ ಒಂದು ವೆಬ್‌ಸೈಟ್ ಇದೆ, ಅದರ ವಿಳಾಸ ಸ್ಟಾರ್ಟ್ ಡಾಟ್ ಸ್ಪ್ರಿಂಗ್ ಡಾಟ್ ಐಓ. ಹೋಟೆಲಿನಲ್ಲಿ ಪಟ್ಟಿ ನೋಡಿ ಆರ್ಡರ್ ಕೊಟ್ಟ ಹಾಗೆ. ಮೇವನ್ ಬೇಕಾ, ಗ್ರೇಡಲ್ ಬೇಕಾ? ಮೇವನ್. ಭಾಷೆ ಜಾವಾ. ಪ್ಯಾಕೇಜಿಂಗ್ ಜಾರ್. ಜೊತೆಗೆ ಏನೇನು ಬೇಕು? ಸ್ಪ್ರಿಂಗ್ ವೆಬ್, ಪುಟಗಳಿಗೆ ಥೈಮ್‌ಲೀಫ್, ಡೇಟಾಬೇಸ್ ಮಾತುಕತೆಗೆ ಸ್ಪ್ರಿಂಗ್ ಡೇಟಾ ಜೆಪಿಎ, ಡೇಟಾಬೇಸ್ ಆಗಿ ಎಚ್2. ಜನರೇಟ್ ಒತ್ತಿದರೆ ಒಂದು ಜಿಪ್ ಫೈಲು ಬಂತು. ಬಿಚ್ಚಿದರೆ ಪ್ರಾಜೆಕ್ಟ್ ತಯಾರು. ಒಳಗೆ ‘ಎಂವಿಎನ್‌ಡಬ್ಲ್ಯೂ’ ಅಂತ ಒಂದು ಪುಟ್ಟ ಸ್ಕ್ರಿಪ್ಟ್ ಇರುತ್ತೆ. ಮೇವನ್ ಇಲ್ಲದ ಮಷಿನ್‌ನಲ್ಲಿ ಅದೇ ಮೇವನ್‌ನ್ನೂ ಇಳಿಸಿಕೊಳ್ಳುತ್ತೆ.

ನೆಟ್ ಹಾಳಾಗೋದು ಇಲ್ಲಿ. ಮೊದಲ ಸಲ ರನ್ ಮಾಡಿದಾಗ ಮೇವನ್ ನೂರಾರು ಪುಟ್ಟ ಪುಟ್ಟ ಫೈಲುಗಳನ್ನು ಎಳೆಯುತ್ತೆ. ಒಂದು ಬಂತು, ಇನ್ನೊಂದು ನಿಂತಿತು, ಮತ್ತೊಂದು ಬಂತು. ರಾತ್ರಿ ಹನ್ನೊಂದರವರೆಗೆ ಟ್ಯಾಂಕ್ ಪಕ್ಕ ಶಾಲು ಹೊದ್ದು ಕೂತಿದ್ದೆ. ಒಂದು ಸಮಾಧಾನ ಏನೆಂದರೆ, ಬಂದದ್ದೆಲ್ಲ ಯೂಸರ್ ಫೋಲ್ಡರಿನ ಒಳಗೆ ‘ಡಾಟ್ ಎಂ2’ ಅನ್ನೋ ಉಗ್ರಾಣ ಸೇರುತ್ತೆ, ಎರಡನೇ ಸಲ ಇಳಿಸೋ ಹಾಗಿಲ್ಲ. ‘ಡಿಪೆಂಡೆನ್ಸಿ ಗೋ-ಆಫ್‌ಲೈನ್’ ಅಂತ ಒಂದು ಆದೇಶವೂ ಇದೆ. ಇರೋದನ್ನೆಲ್ಲ ಒಂದೇ ಸಲ ತಂದಿಟ್ಟುಕೊಳ್ಳುತ್ತೆ. ಪಿಜಿಯಲ್ಲಿ ವೈಫೈ ಕೈಕೊಡುವವರಿಗೆ, ರೈಲಿನಲ್ಲಿ ಊರಿಗೆ ಹೋಗ್ತಾ ಕೋಡ್ ಬರೆಯುವವರಿಗೆ ಉಪಯೋಗಕ್ಕೆ ಬರುತ್ತೆ.

ಶನಿವಾರ ಬೆಳಗ್ಗೆ ಮಾವನಿಗೆ ಕಾಫಿ ಕೊಟ್ಟು, ಮಗಳಿಗೆ ಜಡೆ ಹಾಕಿ ಕೂತೆ. ರನ್ ಅಂದರೆ, 8080 ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಹೇಳಿ ನಿಂತಿತು. ಯಾರಪ್ಪಾ ಕೂತಿರೋರು ಅಂತ ‘ನೆಟ್‌ಸ್ಟಾಟ್’ ಹಾಕಿ ನೋಡಿದರೆ, ಎಂದೋ ಕಲಿಯೋಕೆ ಹಾಕಿದ್ದ ಹಳೇ ಡೇಟಾಬೇಸ್ ಒಂದು ಏಳು ವರ್ಷದಿಂದ ಲ್ಯಾಪ್‌ಟಾಪ್ ಆನ್ ಆದಾಗೆಲ್ಲ ತಾನೂ ಎದ್ದು ಆ ಜಾಗ ಹಿಡಿದು ಕೂತಿದೆ! ಎಬ್ಬಿಸೋ ಗೋಜಿಗೆ ಹೋಗಲಿಲ್ಲ. ‘ಅಪ್ಲಿಕೇಶನ್ ಡಾಟ್ ಪ್ರಾಪರ್ಟೀಸ್’ ಫೈಲಿನಲ್ಲಿ ಸರ್ವರ್ ಪೋರ್ಟ್ 8081 ಅಂತ ಒಂದು ಸಾಲು ಬರೆದರೆ ಮುಗೀತು.

ಈ ಸಲ ಎದ್ದಿತು. ಸ್ಪ್ರಿಂಗ್ ಅಂತ ಅಕ್ಷರದ ರಂಗೋಲಿ ಬಂತು, ಕೆಲವು ಸೆಕೆಂಡಿನಲ್ಲಿ ಟಾಮ್‌ಕ್ಯಾಟ್ ಶುರುವಾಯ್ತು ಅಂತ ಸಾಲು ಬಂತು. ಬ್ರೌಸರ್‌ನಲ್ಲಿ ನೋಡಿದರೆ ‘ವೈಟ್‌ಲೇಬಲ್ ಎರರ್ ಪೇಜ್’, 404. ಹೊಸಬರು ಇದನ್ನು ಕಂಡು ಅಳುಮುಖ ಮಾಡುತ್ತಾರೆ. ನಿಜಕ್ಕೂ ಅದು ಒಳ್ಳೇ ಸುದ್ದಿ. ಸರ್ವರ್ ಬದುಕಿದೆ, ತೋರಿಸೋಕೆ ನೀವಿನ್ನೂ ಏನೂ ಬರೆದಿಲ್ಲ ಅಂತಷ್ಟೇ ಅದರ ಅರ್ಥ. ಕಂಟ್ರೋಲರ್ ಬರೆದ ಮೇಲೂ ಅದೇ ಪುಟ ಬಂದರೆ, ನಿಮ್ಮ ಮೇನ್ ಕ್ಲಾಸ್ ಇರೋ ಪ್ಯಾಕೇಜಿನ ಹೊರಗೆ ಕಂಟ್ರೋಲರ್ ಕೂತಿದೆಯಾ ನೋಡಿ. ಸ್ಪ್ರಿಂಗ್ ಬೂಟ್ ಹುಡುಕೋದು ತನ್ನ ಮನೆ ಮತ್ತು ಒಳಕೋಣೆಗಳಲ್ಲಿ, ಪಕ್ಕದ ಮನೆಗೆ ಹೋಗಲ್ಲ.

ಟಾಮ್‌ಕ್ಯಾಟ್‌ನ್ನು ನಾನು ಇನ್‌ಸ್ಟಾಲ್ ಮಾಡಲೇ ಇಲ್ಲ ಅನ್ನೋದು ನನಗೆ ಒಂದು ಗಳಿಗೆ ವಿಚಿತ್ರ ಅನ್ನಿಸಿತು. ಹಿಂದೆ ಅದು ಕಲ್ಯಾಣ ಮಂಟಪ, ನಾವು ಮದುವೆ ಸಾಮಾನು ಹೊತ್ತು ಅಲ್ಲಿಗೆ ಹೋಗಬೇಕಿತ್ತು. ಈಗ ಜಾರ್ ಫೈಲಿನೊಳಗೇ ಸರ್ವರ್ ಕೂತಿರುತ್ತೆ. ಅಡುಗೆ ಭಟ್ಟರೇ ಒಲೆ, ಗ್ಯಾಸು, ಕೊಳಗ ಎಲ್ಲ ಟೆಂಪೋದಲ್ಲಿ ತಂದು ಅಂಗಳದಲ್ಲೇ ಬಡಿಸೋ ಹಾಗೆ. ಇನ್ನು ಆಟೋ ಕಾನ್ಫಿಗರೇಶನ್ ಅನ್ನೋದನ್ನು ನಾನು ಅರ್ಥ ಮಾಡಿಕೊಂಡಿದ್ದು ನಮ್ಮ ಅಡುಗೆಮನೆಯಿಂದ. ಕಟ್ಟೆ ಮೇಲೆ ಅಕ್ಕಿ, ಉದ್ದಿನಬೇಳೆ ತೆಗೆದಿಟ್ಟಿದ್ದರೆ ಅತ್ತೆ ಕೇಳೋಕೆ ಬರಲ್ಲ, ನಾಳೆ ದೋಸೆ ಅಂತ ನೆನೆಹಾಕಿಬಿಡುತ್ತಾರೆ. ನಾನು ಇಡ್ಲಿ ಅಂತ ಬಾಯಿಬಿಟ್ಟು ಹೇಳಿದರೆ ಮಾತ್ರ ಬದಲಾವಣೆ. ಸ್ಪ್ರಿಂಗ್ ಬೂಟ್ ಕೂಡ ಎಚ್2 ಜಾರ್ ಕಂಡ ಕೂಡಲೇ ಡೇಟಾಬೇಸ್ ಸಂಪರ್ಕ ತಾನೇ ಕಟ್ಟಿಕೊಳ್ಳುತ್ತೆ. ನಾವು ಬೇರೆ ಹೇಳಿದರೆ ಹಿಂದೆ ಸರಿಯುತ್ತೆ.

ಇಲ್ಲಿ ಹೇಳಬೇಕಾದ್ದು ಒಂದಿತ್ತು. ಎಚ್2 ಸುಮ್ಮನೆ ಬಿಟ್ಟರೆ ಮೆಮೊರಿಯಲ್ಲೇ ಇರುತ್ತೆ, ಪ್ರೋಗ್ರಾಂ ನಿಂತರೆ ಡೇಟಾ ಖಾಲಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಊರಲ್ಲಿ, ಹಳೇ ಬ್ಯಾಟರಿ ಲ್ಯಾಪ್‌ಟಾಪ್‌ನಲ್ಲಿ, ಸಂಘದ ದುಡ್ಡಿನ ಲೆಕ್ಕ ಮೆಮೊರಿಯಲ್ಲಿ ಇಡೋದುಂಟೇ? ಫೈಲಿನಲ್ಲಿ ಇಡು ಅಂತ ವಿಳಾಸ ಕೊಟ್ಟು, ಟೇಬಲ್ ರಚನೆಗೆ ‘ಅಪ್‌ಡೇಟ್’ ಅಂತ ಹಾಕಿದೆ.

ನೆನಪಿನಿಂದ ಕೋಡ್ ಬರೆಯೋಕೆ ಶುರು ಮಾಡಿದಾಗ ಬೆರಳು ತಾನಾಗಿ ‘ಜಾವಾಎಕ್ಸ್’ ಅಂತ ಟೈಪ್ ಮಾಡುತ್ತಿತ್ತು. ಈಗ ಅಲ್ಲಿ ‘ಜಕಾರ್ತಾ’ ಅಂತ ಬರೆಯಬೇಕು. ಇದರ ಹಿಂದೊಂದು ಕಥೆ ಇದೆ. ಜಾವಾ ಇಇ ಅನ್ನೋ ದೊಡ್ಡ ಸಂಸಾರವನ್ನು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಲು ತೀರ್ಮಾನಿಸಿತು. ಸಂಸಾರ ಕೊಟ್ಟಿತು, ಜಾವಾ ಅನ್ನೋ ಹೆಸರಿನ ಹಕ್ಕು ಕೊಡಲಿಲ್ಲ. ಹಾಗಾಗಿ ಜಕಾರ್ತಾ ಇಇ ಅಂತ ಹೊಸ ಹೆಸರು ಬಂತು, 2020ರ ಕೊನೆಯಲ್ಲಿ ಪ್ಯಾಕೇಜುಗಳ ಹೆಸರೂ ಬದಲಾದವು. ಮದುವೆಯಾದ ಮೇಲೆ ಇನಿಶಿಯಲ್ ಬದಲಾದವರಿಗೆ ಈ ಕಿರಿಕಿರಿ ಚೆನ್ನಾಗಿ ಗೊತ್ತು. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಎಲ್ಲ ಬದಲಾಗಿಲ್ಲ ಅನ್ನೋದೂ ಗಮನದಲ್ಲಿರಲಿ. ಜೆಡಿಕೆಯ ಒಳಗೇ ಇರೋ ‘ಜಾವಾಎಕ್ಸ್ ಎಸ್‌ಕ್ಯೂಎಲ್’ ಹಾಗೇ ಇದೆ. ಕಣ್ಣುಮುಚ್ಚಿ ಫೈಂಡ್-ರೀಪ್ಲೇಸ್ ಹೊಡೆದರೆ ಅದೂ ಹಾಳಾಗುತ್ತೆ.

ಅತ್ತೆ ಹಿಂದಿನಿಂದ ಬಂದು ಸ್ಕ್ರೀನ್ ನೋಡಿದರು. “ಇಂಗ್ಲಿಷ್‌ನಲ್ಲಿದ್ರೆ ನಮ್ಮೋರಿಗೆ ಏನ್ ತಿಳಿಯುತ್ತೆ? ಕನ್ನಡದಲ್ಲಿ ಮಾಡು.”

ನ್ಯಾಯವಾದ ಮಾತು. ಪುಟದ ತಲೆಬರಹ, ಬಟನ್, ‘ಉಳಿತಾಯ’, ‘ಸಾಲ’, ‘ಬಡ್ಡಿ’, ‘ಬಾಕಿ’ ಎಲ್ಲ ಕನ್ನಡದಲ್ಲಿ ಬೇಕು. ಸ್ಪ್ರಿಂಗ್ ಬೂಟ್‌ನಲ್ಲಿ ಕನ್ನಡ ಬಳಸುವವರಿಗೆ ಇದೊಂದು ಸೂಕ್ಷ್ಮ ಗೊತ್ತಿರಲಿ. ‘ಅಪ್ಲಿಕೇಶನ್ ಡಾಟ್ ಪ್ರಾಪರ್ಟೀಸ್’ ಫೈಲನ್ನು ಅದು ಹಳೇ ಯುರೋಪಿಯನ್ ಲಿಪಿಯ ಲೆಕ್ಕದಲ್ಲಿ ಓದುತ್ತೆ. ನಮ್ಮ ಒಂದೊಂದು ಅಕ್ಷರ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್. ಹಾಗಾಗಿ ಅಲ್ಲಿ ‘ಸಾಲ’ ಅಂತ ಬರೆದರೆ ಪುಟದಲ್ಲಿ ಅದು ಒಂಬತ್ತು ಚಿತ್ರವಿಚಿತ್ರ ಗುರುತುಗಳಾಗುತ್ತೆ. ಕನ್ನಡ ಪದಗಳನ್ನೆಲ್ಲ ‘ಮೆಸೇಜಸ್ ಡಾಟ್ ಪ್ರಾಪರ್ಟೀಸ್’ ಅನ್ನೋ ಬೇರೆ ಫೈಲಿನಲ್ಲಿ ಇಡಬೇಕು, ಅದನ್ನು ಬೂಟ್ ಯುಟಿಎಫ್-8 ಅಂತಲೇ ಓದುತ್ತೆ. ಕನ್ನಡಕ್ಕೆ ಅಂತ ಪ್ರತ್ಯೇಕ ಫೈಲ್ ಮಾಡಿದರೂ ಈ ಮೂಲ ಫೈಲ್ ಇರಲೇಬೇಕು. ಅದಿಲ್ಲದಿದ್ದರೆ ಉಳಿದದ್ದನ್ನು ಅದು ಹುಡುಕೋದೇ ಇಲ್ಲ. ನಾನು ಮೂಲ ಫೈಲಿನಲ್ಲೇ ಕನ್ನಡ ಇಟ್ಟೆ. ನಮ್ಮ ಹೆಂಗಸರ ಫೋನುಗಳು ಇಂಗ್ಲಿಷ್‌ನಲ್ಲೇ ಇರುತ್ತವೆ, ಬ್ರೌಸರ್‌ನ ಭಾಷೆ ಕೇಳಿ ಪುಟ ತೋರಿಸಿದರೆ ಅವರಿಗೆ ಕನ್ನಡ ಕಾಣೋದೇ ಇಲ್ಲ.

ದುಡ್ಡಿನ ಕಾಲಂಗೆ ‘ಬಿಗ್‌ಡೆಸಿಮಲ್’ ಹಾಕಿದೆ, ‘ಡಬಲ್’ ಅಲ್ಲ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.3 ಬರೋದಿಲ್ಲ, ಬಾಲಕ್ಕೆ ಒಂದು ನಾಲ್ಕು ಅಂಟಿಕೊಂಡು ಬರುತ್ತೆ. ಸಾಲ ಕೊಡೋ ಮೆಥಡ್‌ಗೆ ‘ಟ್ರಾನ್ಸಾಕ್ಷನಲ್’ ಅಂತ ಗುರುತು ಹಾಕಿದೆ. ಸಂಘದ ಕೈಲಿರೋ ಹಣ ಕಡಿಮೆ ಆಗೋದು, ಸದಸ್ಯೆಯ ಸಾಲ ಹೆಚ್ಚಾಗೋದು ಎರಡೂ ಒಟ್ಟಿಗೆ ಆಗಬೇಕು, ಇಲ್ಲಾ ಎರಡೂ ಆಗಬಾರದು. ಭಾನುವಾರ ಮಧ್ಯಾಹ್ನ ಒಂದು ವರ್ಷದ ಪುಸ್ತಕವನ್ನು ಅತ್ತೆ ಓದಿ ಹೇಳಿದರು, ನಾನು ತುಂಬಿಸಿದೆ. ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಒಂದು ಸಲ ಲ್ಯಾಪ್‌ಟಾಪೇ ಆರಿಹೋಯ್ತು. ಮತ್ತೆ ಎಬ್ಬಿಸಿದರೆ ಎಲ್ಲ ಇದ್ದಲ್ಲೇ ಇತ್ತು. ಅತ್ತೆ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಕೇಳಲಿಲ್ಲ.

ಸಂಜೆ ಹೊತ್ತಿಗೆ ಬಾಕಿ ಪಟ್ಟಿ ಬಂತು. ಆ 120 ರೂಪಾಯಿ ಎಲ್ಲಿದೆ ಅಂತಲೂ ಸಿಕ್ಕಿತು. ಒಬ್ಬಾಕೆ ಸಾಲದ ಅಸಲು ಪೂರ್ತಿ ತೀರಿಸಿದ ಮೇಲೂ ಪುಸ್ತಕದಲ್ಲಿ ಆರು ಸಾವಿರಕ್ಕೆ ಒಂದು ತಿಂಗಳ ಬಡ್ಡಿ ಬರಬೇಕು ಅಂತ ಹಿಡಿದಿತ್ತು. ಯಾರೂ ತಿಂದಿರಲಿಲ್ಲ, ಬರಬೇಕಾದ್ದೇ ಅಲ್ಲ ಅದು. ಅತ್ತೆ ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ಓದಿದರು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. “ನಾಡಿದ್ದು ಸಭೆಗೆ ನೀನೂ ಬಾ” ಅಂದರು, ಅಷ್ಟೇ.

ಸೋಮವಾರ ಎಂಟೂವರೆಗೆ ಕಳಿಸಿದೆ. ಗುರುವಾರ ವಿಡಿಯೋ ಕಾಲ್. ನನಗಿಂತ ಹತ್ತು ವರ್ಷವಾದರೂ ಚಿಕ್ಕವನಿದ್ದ ಹುಡುಗ ಬಿಗ್‌ಡೆಸಿಮಲ್ ಯಾಕೆ, ಫೈಲ್ ಡೇಟಾಬೇಸ್ ಯಾಕೆ, ಲೇಬಲ್ ಎಲ್ಲ ಯಾಕೆ ಕನ್ನಡದಲ್ಲಿ ಅಂತ ಕೇಳಿದ. ಮೂರಕ್ಕೂ ಉತ್ತರ ಜಗಲಿಯಲ್ಲಿ ಕೂತಿತ್ತು, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲಸ ಸಿಕ್ಕಿತು. ನಾನು ಬಿಟ್ಟಾಗ ಇದ್ದ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗೆ, ಆರು ತಿಂಗಳು ಕಾಂಟ್ರಾಕ್ಟ್, ವಾರಕ್ಕೆರಡು ದಿನ ಆಫೀಸು. ಒಂದು ಮೆಟ್ಟಿಲು ಕೆಳಗೆ ಅನ್ನೋದು ನನಗೆ ಈಗಲೂ ಸರಿ ಅನ್ನಿಸಿಲ್ಲ. ಏಳು ವರ್ಷದಲ್ಲಿ ಬದಲಾಗಿದ್ದನ್ನು ಮೂರು ದಿನದಲ್ಲಿ ಹಿಡಿದವಳಿಗೆ ಗ್ಯಾಪ್ ಅಂತ ದುಡ್ಡು ಕಡಿಯೋದು ಯಾವ ಲೆಕ್ಕ? ಆದರೂ ಒಪ್ಪಿಕೊಂಡೆ, ಕಂತಿನ ದಿನ ಹತ್ತಿರ ಇತ್ತು. ಕಾಂಟ್ರಾಕ್ಟ್ ಮುಗಿಯುವಾಗ ಇದೇ ಮಾತನ್ನು ಮ್ಯಾನೇಜರ್ ಮುಂದೆ ಇಟ್ಟೆ, ಕಾಯಂ ಆಯ್ತು. ದರ್ಜೆಯ ಮಾತು ಇನ್ನೂ ನಡೀತಿದೆ.

ಸಂಘದ ಪ್ರೋಗ್ರಾಂ ಮಾತ್ರ ಇನ್ನೂ ಮುಗಿದಿಲ್ಲ. ಹಳೇ ಲ್ಯಾಪ್‌ಟಾಪ್ ಅತ್ತೆಗೇ ಬಿಟ್ಟು ಬಂದಿದ್ದೀನಿ, ಪಕ್ಕದ ಮನೆಯ ಪಿಯುಸಿ ಹುಡುಗಿ ಪ್ರತಿ ವಾರ ತುಂಬಿಸಿಕೊಡ್ತಾಳೆ. ಪುಸ್ತಕವೂ ನಡೀತಿದೆ, ಎರಡೂ ತಾಳೆಯಾದ ಮೇಲೇ ಸಹಿ. ಹೋದ ತಿಂಗಳು ಅತ್ತೆ ಫೋನ್ ಮಾಡಿದರು.

“ನೋಡಮ್ಮ, ಮೂರು ವಾರದಿಂದ ಒಬ್ಳು ಬಂದಿಲ್ಲ. ನಿನ್ ಕಂಪ್ಯೂಟ್ರು ಅವಳಿಗೆ ಹದಿನೈದು ರೂಪಾಯಿ ದಂಡ ಹಾಕಿ ಕೂತಿದೆ. ಅವಳಿಗೆ ಹಾಕ್ಬಾರ್ದು ಅಂತ ಸಭೆಯಲ್ಲಿ ಒಪ್ಪಿದೀವಿ.”

“ಸರಿ ಅತ್ತೆ, ದಂಡ ಮಾಫಿ ಅಂತ ಒಂದು ಟಿಕ್ ಕೊಡ್ತೀನಿ. ಪಕ್ಕದಲ್ಲಿ ಕಾರಣ ಬರೆಯೋಕೆ ಜಾಗ ಇಡ್ತೀನಿ.”

“ಕಾರಣ ಎಲ್ಲ ಬರೆಯೋದು ಬೇಡ. ನಮ್ಗೆಲ್ಲ ಗೊತ್ತು.”

ಭಾನುವಾರ ರಾತ್ರಿ ಮಗಳು ಮಲಗಿದ ಮೇಲೆ ಎಂಟಿಟಿಗೆ ‘ಮಾಫಿ’ ಅಂತ ಒಂದು ಬೂಲಿಯನ್ ಸೇರಿಸಿದೆ, ಹೌದು ಅಥವಾ ಇಲ್ಲ, ಅಷ್ಟೇ. ಜಾರ್ ಕಟ್ಟಿ ಪಿಯುಸಿ ಹುಡುಗಿಗೆ ಕಳಿಸಿದೆ. ಟ್ಯಾಂಕ್ ಪಕ್ಕ ಹೋಗಿ ಡೌನ್‌ಲೋಡ್ ಮಾಡ್ಕೋ, ಹಾಕೋ ಮುಂಚೆ ಡೇಟಾ ಫೋಲ್ಡರ್ ಕಾಪಿ ಇಟ್ಕೋ ಅಂತ ಎರಡು ಸಲ ಹೇಳಿದ್ದೀನಿ.